ದಡದ ಪಕ್ಕದಲ್ಲೇ ಏಳು ದಿನ

ಮೊದಲ ದಿನ

ಹೊರಡುವ ಮುಂಚೆ ಅಕ್ಕ ಮೇಜಿನ ಮೇಲೆ ಕಡಲ ನಕ್ಷೆ ಹರಡಿಕೊಂಡು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದಳು. ಗೆರೆ ದಡದಿಂದ ಸಾಕಷ್ಟು ದೂರವಾಗಿ, ಭೂಶಿರಗಳನ್ನು ಬಳಸಿಕೊಂಡು ಹೋಗುತ್ತಿತ್ತು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ.

"ದಡ ಇಷ್ಟು ಹತ್ತಿರ ಇರುತ್ತಲ್ವಾ ಅಕ್ಕ? ಏನಾದ್ರೂ ಆದ್ರೆ ದಡಕ್ಕೆ ಹೋದರಾಯ್ತು" ಅಂದೆ.

ಅವಳು ತಲೆ ಎತ್ತಲಿಲ್ಲ. "ದಡ ಹತ್ತಿರ ಇರೋದೇ ಕಷ್ಟ ಕಣೋ. ನೀರು ದೋಣೀನ ಒಡೆಯಲ್ಲ. ನೆಲ ಒಡೆಯುತ್ತೆ."

ಆಗ ಅದು ಪೂರ್ತಿ ಅರ್ಥವಾಗಲಿಲ್ಲ.

ನಾವು ಮೂವರು. ದೋಣಿಯ ಜವಾಬ್ದಾರಿ ಅಕ್ಕನದು. ಎಂಜಿನ್ ಭಾವನದು. ನಾನು ಹಗ್ಗ ಎಳೆಯುವವನು, ಲಂಗರು ಬಿಡುವವನು. ದೋಣಿಯ ಉದ್ದ 32 ಅಡಿ. ಒಂದು ಕಂಬ, ಎರಡು ಹಾಯಿ. ಕೀಲ್, ಅಂದರೆ ದೋಣಿಯ ತಳದ ಭಾರವಾದ ರೆಕ್ಕೆ, ನೀರಿನ ಕೆಳಗೆ 1.6 ಮೀಟರ್ ಇಳಿದಿರುತ್ತದೆ. ಅಂದರೆ ಎಲ್ಲಿ ಹೋದರೂ ಅಷ್ಟು ನೀರು ಬೇಕು, ಮೇಲೆ ಸ್ವಲ್ಪ ಜಾಸ್ತಿಯೂ ಬೇಕು. ಉತ್ತರಕ್ಕೆ ಕರಾವಳಿ ಹಿಡಿದು ಹೋಗುವುದು, ರಾತ್ರಿ ಯಾವುದಾದರೂ ಕೊಲ್ಲಿಯಲ್ಲೋ ಬಂದರಿನಲ್ಲೋ ತಂಗುವುದು. ಇಷ್ಟೇ ಯೋಜನೆ.

ಇಂಥ ದೋಣಿ ಎಷ್ಟು ಗಾಳಿ ಬಂದರೂ ಒಂದು ಮಿತಿಗಿಂತ ವೇಗವಾಗಿ ಹೋಗುವುದಿಲ್ಲ. ತಾನೇ ಎಬ್ಬಿಸಿದ ಅಲೆಯ ತಗ್ಗಿನಲ್ಲಿ ಕೂತುಬಿಡುತ್ತದೆ. ನಮ್ಮ ದೋಣಿಗೆ ಆ ಮಿತಿ ಸುಮಾರು 6.8 ನಾಟ್. ದಿನವಿಡೀ ಲೆಕ್ಕ ಹಾಕಿದರೆ 5 ನಾಟ್ ಸಿಕ್ಕರೆ ಒಳ್ಳೆಯದು. ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್. ಹಾಗಾಗಿ 5 ನಾಟ್ ಅಂದರೆ ಗಂಟೆಗೆ 9 ಕಿಲೋಮೀಟರ್ ಚಿಲ್ಲರೆ. ಸೈಕಲ್ ತುಳಿಯುವವನು ನಮ್ಮನ್ನು ಆರಾಮಾಗಿ ದಾಟಿ ಹೋಗುತ್ತಾನೆ. ಆ ನಿಧಾನದಲ್ಲೇ ಸುಖ ಇದೆ. ಒಂದು ಗುಡ್ಡ ಬೆಳಿಗ್ಗೆ ಮುಂದೆ ಕಾಣುತ್ತದೆ, ಮಧ್ಯಾಹ್ನ ಪಕ್ಕಕ್ಕೆ ಬರುತ್ತದೆ, ಸಂಜೆ ಹಿಂದೆ ಉಳಿಯುತ್ತದೆ. ಅದರ ಎಲ್ಲ ಮಗ್ಗುಲೂ ಪರಿಚಯವಾಗುತ್ತವೆ.

22 ನಾಟಿಕಲ್ ಮೈಲಿ ಹೋದೆವು. ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ರಾತ್ರಿ ಹುಣ್ಣಿಮೆ ಚಂದ್ರ ನೀರಿನ ಮೇಲೆ ಬಂದ.

ಎರಡನೇ ದಿನ

ಇಡೀ ಪ್ರವಾಸದಲ್ಲಿ ಗಾಳಿ ನಮ್ಮ ಮಾತು ಕೇಳಿದ ದಿನ ಅಂದರೆ ಇದು. ಪಕ್ಕದಿಂದ 14 ನಾಟ್ ಗಾಳಿ. ಹಾಯಿದೋಣಿಗೆ ಇದಕ್ಕಿಂತ ಹಿತವಾದದ್ದು ಇನ್ನೊಂದಿಲ್ಲ.

ಅಕ್ಕ ನನಗೆ ಚುಕ್ಕಾಣಿ ಕೊಟ್ಟು, ಮುಂದಿನ ಹಾಯಿಯ ಮೇಲೆ ಅಂಟಿಸಿದ್ದ ಉಣ್ಣೆಯ ಎಳೆಗಳನ್ನು ತೋರಿಸಿದಳು. ಬೆರಳುದ್ದದ ಎಳೆಗಳು, ಹಾಯಿಯ ಎರಡೂ ಬದಿಗೆ ಒಂದೊಂದು. ಎರಡೂ ಹಿಂದಕ್ಕೆ ನೇರ ಹಾರುತ್ತಿದ್ದರೆ ಹಾಯಿ ಸರಿಯಾಗಿದೆ ಎಂದರ್ಥ. ಒಳಗಿನ ಎಳೆ ಕುಣಿದರೆ ಹಗ್ಗ ಇನ್ನಷ್ಟು ಎಳೆಯಬೇಕು. ಹೊರಗಿನ ಎಳೆ ಕುಣಿದರೆ ಸಡಿಲಿಸಬೇಕು. ನಾನು ಹಗ್ಗವನ್ನು ಬೆರಳಗಲ ಎಳೆದೆ, ಬೆರಳಗಲ ಬಿಟ್ಟೆ. ಒಂದು ಕ್ಷಣ ಎರಡೂ ಎಳೆಗಳು ಜೋಡಿಯಾಗಿ ಮಲಗಿದವು. ಅದೇ ಕ್ಷಣಕ್ಕೆ ದೋಣಿ ಮೈ ಮುರಿದು ಎದ್ದ ಹಾಗೆ ಮುಂದಕ್ಕೆ ಹೋಯಿತು. ಚುಕ್ಕಾಣಿಯ ಹಿಡಿಯಲ್ಲಿದ್ದ ಎಳೆತ ತಾನಾಗಿ ಹಗುರಾಯಿತು. ಬರಿ ಬಟ್ಟೆ, ಬರಿ ಗಾಳಿ, ನಾಲ್ಕೈದು ಟನ್ನಿನ ದೋಣಿ ಓಡುತ್ತಿದೆ! 28 ಮೈಲಿಯನ್ನು ಐದು ಗಂಟೆಯಲ್ಲಿ ಮುಗಿಸಿದೆವು.

ತಂಗುವ ಕೊಲ್ಲಿಗೆ ತಿರುಗುವಾಗ ಮಾತ್ರ ಬೇರೆ ಪಾಠವಾಯಿತು. ಕೊನೆಯ ಒಂದು ಗಂಟೆ ಗಾಳಿ ಹಿಂದಿನಿಂದ ಇತ್ತು. ಸಣ್ಣಗೆ ಬೀಸುತ್ತಿದೆ ಅಂತಲೇ ಅನಿಸುತ್ತಿತ್ತು. ಆದರೆ 17 ನಾಟ್ ಗಾಳಿ ಹಿಂದಿನಿಂದ ಬರುವಾಗ ನಾವು 6 ನಾಟ್ ಓಡುತ್ತಿದ್ದರೆ ಮೈಗೆ ತಾಗುವುದು 11 ಮಾತ್ರ. ಅದೇ ಗಾಳಿಗೆ ಮುಖ ಮಾಡಿ ಹೊರಟರೆ 20 ದಾಟುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ತಿರುಗಿದ ತಕ್ಷಣ ದೋಣಿ ಓರೆಯಾಯಿತು, ಒಳಗೆ ಪಾತ್ರೆಗಳು ಉರುಳಿದವು. ಭಾವ ಕಂಬದ ಹತ್ತಿರ ಹೋಗಿ ದೊಡ್ಡ ಹಾಯಿಯನ್ನು ಸ್ವಲ್ಪ ಇಳಿಸಿ ಕೆಳಭಾಗವನ್ನು ಕಟ್ಟಿದರು. ಇದಕ್ಕೆ ರೀಫ್ ಮಾಡುವುದು ಅನ್ನುತ್ತಾರೆ. "ರೀಫ್ ಮಾಡಬೇಕಾ ಅಂತ ಮನಸ್ಸಿಗೆ ಬಂದಾಗಲೇ ಮಾಡಿಬಿಡಬೇಕು" ಎಂದರು ಭಾವ, ಒದ್ದೆಯಾಗಿ ವಾಪಸ್ ಬಂದು ಕೂತು.

ನನಗೆ ಹೊಟ್ಟೆ ತೊಳೆಸಿದ್ದೂ ಆಗಲೇ. ಉರುಳಿದ ಪಾತ್ರೆ ಎತ್ತಿಡಲು ಕೆಳಗೆ ಹೋಗಿದ್ದೆ. ಒಳಗಿವಿ ಅಲುಗಾಡುತ್ತಿದೆ ಅನ್ನುತ್ತದೆ, ಕಣ್ಣು ಎದುರಿನ ಗೋಡೆ ಕದಲಿಲ್ಲ ಅನ್ನುತ್ತದೆ. ಈ ಎರಡರ ಜಗಳಕ್ಕೆ ಹೊಟ್ಟೆ ಕೆಡುತ್ತದೆ. ಅಕ್ಕ ಮಾತ್ರೆ ಹುಡುಕುವ ಮೊದಲು ಮೇಲೆ ಕರೆದು ಚುಕ್ಕಾಣಿ ಕೊಟ್ಟಳು. "ದಿಗಂತ ನೋಡ್ತಾ ನಡೆಸು" ಅಂದಳು. ಹತ್ತು ನಿಮಿಷದಲ್ಲಿ ಮುಖಕ್ಕೆ ಬಣ್ಣ ಬಂತು. ಎಲ್ಲರಿಗೂ ಇದು ಕೆಲಸ ಮಾಡುತ್ತದೆ ಅಂತಲ್ಲ, ನನಗೆ ಮಾಡಿತು.

ಮೂರನೇ ದಿನ, ಆಮೇಲೆ ಆ ರಾತ್ರಿ

ಹಗಲು ಬರೀ 14 ಮೈಲಿ. ಸಂಜೆ ಏಳಕ್ಕೆ ಒಂದು ಪುಟ್ಟ ಕೊಲ್ಲಿ ಹೊಕ್ಕೆವು. ಮೂರು ಕಡೆ ಗುಡ್ಡ, ಒಂದು ಕಡೆ ತೆರೆದ ಕಡಲು. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಕಪ್ಪು ಮಚ್ಚೆಗಳೂ ಕಾಣುತ್ತಿದ್ದವು. ಆ ಮಚ್ಚೆಗಳು ಕಡಲ ಹುಲ್ಲು. ನಡುನಡುವೆ ಬೆಳ್ಳಗೆ ಕಾಣುವುದು ಮರಳು. ಮರಳಿನಲ್ಲಿ ಲಂಗರು ಚೆನ್ನಾಗಿ ಕಚ್ಚುತ್ತದೆ. ಹುಲ್ಲಿನಲ್ಲಿ ಬೇರಿನ ಮೇಲೆ ಜಾರುತ್ತದೆ.

ಲಂಗರು ಬಿಟ್ಟವನು ನಾನು. ಆಳ 4 ಮೀಟರ್, ನೀರಿನಿಂದ ದೋಣಿಯ ಮೂತಿಗೆ 1 ಮೀಟರ್, ಒಟ್ಟು 5. ಅದರ ಐದು ಪಟ್ಟು ಚೈನು, ಅಂದರೆ 25 ಮೀಟರ್. ಚೈನಿನಲ್ಲಿ ಐದು ಮೀಟರಿಗೊಂದು ಬಣ್ಣದ ಗುರುತಿತ್ತು, ಎಣಿಸಿಯೇ ಬಿಟ್ಟೆ. ಅಕ್ಕ ಆಗ ಹಿಂದೆ ನಿಂತು ಎಂಜಿನ್ ನೋಡಿಕೊಳ್ಳುತ್ತಿದ್ದಳು. "ಸಾಕಷ್ಟು ಬಿಟ್ಟಿದೀಯಾ?" ಎಂದು ಕೇಳಿದಳು. "ಐದು ಪಟ್ಟು" ಎಂದೆ.

ಲೆಕ್ಕದಲ್ಲಿ ನಾನು ಉಬ್ಬರ ಸೇರಿಸಿರಲಿಲ್ಲ.

ನಾವು ಬಂದದ್ದು ಇಳಿತ ಮುಗಿದ ಹೊತ್ತು. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ಉಬ್ಬರ ಇಳಿತಗಳ ಅಂತರ ಅತಿ ದೊಡ್ಡದಾಗುತ್ತದೆ. ಆ ರಾತ್ರಿ ಅದು 3.6 ಮೀಟರ್. ನೀರು ಒಂದೇ ಸಮನೆ ಏರುವುದೂ ಇಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆ ಒಂದು ಪಾಲು, ಎರಡನೆಯದು ಎರಡು, ಮೂರು ನಾಲ್ಕನೇ ಗಂಟೆಗಳಲ್ಲಿ ಮೂರು ಮೂರು, ಮತ್ತೆ ಎರಡು, ಕೊನೆಗೆ ಒಂದು. ಅಂದರೆ ನಾವು ಮಲಗಿದ ಹೊತ್ತಿಗೆ ನೀರು ಗಂಟೆಗೆ 90 ಸೆಂಟಿಮೀಟರ್ ಮೇಲೇರುತ್ತಿತ್ತು. ಮಧ್ಯರಾತ್ರಿ ದಾಟುವಾಗ ಮೂತಿಯಿಂದ ತಳಕ್ಕೆ ಎಂಟೂವರೆ ಮೀಟರ್. ನನ್ನ ಐದು ಪಟ್ಟು ಮೂರು ಪಟ್ಟಿಗೆ ಇಳಿದಿತ್ತು. ಚೈನು ನೆಲದ ಮೇಲೆ ಮಲಗಿ ಅಡ್ಡಕ್ಕೆ ಎಳೆದರೆ ಮಾತ್ರ ಲಂಗರು ಮಣ್ಣೊಳಗೆ ಇಳಿಯುತ್ತದೆ. ಮೇಲಕ್ಕೆ ಎಳೆದರೆ ಕಿತ್ತುಕೊಂಡು ಬರುತ್ತದೆ.

ಹನ್ನೊಂದೂವರೆಗೆ ಗಾಳಿ ತಿರುಗಿತು. ತೆರೆದ ಕಡಲಿನ ಕಡೆಯಿಂದ ಬೀಸತೊಡಗಿತು. ಈಗ ಬಂಡೆಗಳಿರುವ ದಡ ನಮ್ಮ ಬೆನ್ನ ಹಿಂದೆ.

ನನಗೆ ಎಚ್ಚರವಾದದ್ದು ಶಬ್ದದಿಂದ. ಕಲ್ಲಿನ ಮೇಲೆ ಮರದ ಪೆಟ್ಟಿಗೆ ಎಳೆದ ಹಾಗೆ ಒಂದು ಗುರುಗುಟ್ಟುವಿಕೆ, ನಿಂತು ಮತ್ತೆ. ಅಕ್ಕ ಆಗಲೇ ಮೇಲೆ ಹೋಗಿದ್ದಳು. ನಾನು ಮೂತಿಗೆ ತೆವಳಿಕೊಂಡು ಹೋಗಿ, ಅವಳು ಹೇಳಿದಂತೆ ಚೈನಿನ ಮೇಲೆ ಅಂಗೈ ಇಟ್ಟೆ. ಕಚ್ಚಿ ಹಿಡಿದ ಲಂಗರಿನ ಚೈನು ಬಿಗಿಯಾಗಿ, ಮೌನವಾಗಿ ಇರುತ್ತದೆ. ಇದು ನಡುಗುತ್ತಿತ್ತು. ನಡುಕ, ಒಂದು ಎಳೆತ, ಸಡಿಲ, ಮತ್ತೆ ನಡುಕ. ಕೆಳಗೆ ಕತ್ತಲಲ್ಲಿ ಕಬ್ಬಿಣ ಹುಲ್ಲನ್ನು ಕೀಳುತ್ತಾ ಬರುತ್ತಿರುವುದು ಅಂಗೈಗೆ ಗೊತ್ತಾಗುತ್ತಿತ್ತು.

ಅಕ್ಕ ಸಂಜೆಯೇ ದಡದಲ್ಲಿ ಎರಡು ಗುರುತು ನೋಡಿಟ್ಟುಕೊಂಡಿದ್ದಳು. ಒಂದು ಒಂಟಿ ಮರ, ಅದರ ಹಿಂದೆ ಗುಡ್ಡದ ತುದಿಯ ಬೆಳಕು. ಎರಡೂ ಒಂದೇ ಗೆರೆಯಲ್ಲಿದ್ದರೆ ನಾವು ಇದ್ದಲ್ಲೇ ಇದ್ದೇವೆ. ಬೆಳದಿಂಗಳಲ್ಲಿ ನೋಡಿದರೆ ಮರ ಒಂದು ಕಡೆ, ಬೆಳಕು ಇನ್ನೊಂದು ಕಡೆ.

"ಎಂಜಿನ್ ಹಾಕಿ" ಎಂದಳು. ಭಾವ ಹಾಕಿದರು. ಹಿಂದಿನ ಬಂಡೆಗಳ ಮೇಲೆ ನೀರು ಬಡಿಯುವ ಸದ್ದು ಎಂಜಿನ್ ಸದ್ದಿನ ಮೇಲೂ ಕೇಳುತ್ತಿತ್ತು. ಅಕ್ಕ ದೋಣಿಯನ್ನು ಮುಂದೆ ಒಯ್ದಳು, ನಾನು ಚೈನು ಎತ್ತಿದೆ. ಲಂಗರಿಗೆ ಒಂದು ದೊಡ್ಡ ಕಂತೆ ಹುಲ್ಲು ಸುತ್ತಿಕೊಂಡು ಬಂತು. ಅದನ್ನು ಕೈಯಿಂದ ಕಿತ್ತು ಹಾಕುವವರೆಗೆ ದೋಣಿ ಅಲೆಗೆ ಮೂತಿ ಎತ್ತಿ ಎತ್ತಿ ಕುಕ್ಕುತ್ತಿತ್ತು. ಎರಡನೇ ಸಲ ನಡು ಕೊಲ್ಲಿಯ ಮರಳಿನಲ್ಲಿ ಬಿಟ್ಟೆವು. ಈ ಸಲ 50 ಮೀಟರ್. ಎಂಜಿನ್ನನ್ನು ಹಿಂದಕ್ಕೆ ಓಡಿಸಿ ಲಂಗರನ್ನು ಮಣ್ಣಿಗೆ ಇಳಿಸಿದೆವು. ಅಂಗೈ ಇಟ್ಟೆ. ಚೈನು ತಂತಿಯಂತೆ ಬಿಗಿದಿತ್ತು, ನಡುಕ ಇರಲಿಲ್ಲ.

ನಮ್ಮದು ನೇಗಿಲಿನ ಗುಳದಂತಿರುವ ಸಿಕ್ಯುಆರ್ ಮಾದರಿಯ ಲಂಗರು. ಇದನ್ನು 1933ರಲ್ಲಿ ರೂಪಿಸಿದವರು ಜೆಫ್ರಿ ಇಂಗ್ರಾಮ್ ಟೇಲರ್ ಎಂಬ ಬ್ರಿಟಿಷ್ ಭೌತವಿಜ್ಞಾನಿ. ಹಾಯಿದೋಣಿಯಲ್ಲಿ ತಿರುಗುವ ಹುಚ್ಚಿದ್ದವರು. ಅಂಥ ಬುದ್ಧಿವಂತ ಲಂಗರೂ ಚೈನು ಕಡಿಮೆ ಬಿಟ್ಟರೆ ಏನೂ ಮಾಡಲಾರದು.

ಬೆಳಗಿನವರೆಗೆ ಇಬ್ಬಿಬ್ಬರಾಗಿ ಕಾವಲು ಕೂತೆವು. ನಾನು ಅಕ್ಕನಿಗೆ ಲೆಕ್ಕ ತಪ್ಪಿದ್ದನ್ನು ಹೇಳಿದೆ. "ನಾನೂ ಕೇಳಿ ಬಿಟ್ಟೆ, ನೋಡಲಿಲ್ಲ" ಎಂದಳು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಹಗುರ ಆಗುತ್ತಿತ್ತೇನೋ.

ನಾಲ್ಕನೇ ದಿನ

ಬೆಳಕು ಹರಿದ ಕೂಡಲೇ ಆರು ಮೈಲಿ ಆಚೆಯ ಬಂದರಿಗೆ ಹೋಗಿ ಕಟ್ಟಿದೆವು. ಹವಾ ಮುನ್ಸೂಚನೆ 6, ಆಮೇಲೆ 7 ಅನ್ನುತ್ತಿತ್ತು. ಇದು ಬೋಫರ್ಟ್ ಅಳತೆ. ಫ್ರಾನ್ಸಿಸ್ ಬೋಫರ್ಟ್ ಎಂಬ ನೌಕಾಧಿಕಾರಿ 1805ರಲ್ಲಿ ಮಾಡಿದ್ದು. ಗಾಳಿಯ ವೇಗವನ್ನಲ್ಲ, ಗಾಳಿ ಹಡಗಿನ ಹಾಯಿಗಳಿಗೆ ಏನು ಮಾಡುತ್ತದೆ ಎಂಬುದನ್ನು ನೋಡಿ 0ಯಿಂದ 12ರವರೆಗೆ ಅಂಕ ಕೊಟ್ಟ ಪಟ್ಟಿ. ಇವತ್ತಿನ ಲೆಕ್ಕದಲ್ಲಿ 6 ಅಂದರೆ 22ರಿಂದ 27 ನಾಟ್. ನಮ್ಮ ಗಾತ್ರದ ದೋಣಿಗೆ ಅದು ಸುಮ್ನೆ ಕೂರುವ ದಿನ.

ಮಲಗಿದೆವು. ಎದ್ದೆವು. ಕಂಬಗಳ ತಂತಿಗಳಲ್ಲಿ ಗಾಳಿ ಶಿಳ್ಳೆ ಹಾಕುತ್ತಿತ್ತು. ಬಟ್ಟೆ ಒಣಗಲಿಲ್ಲ.

ಐದನೇ ದಿನ

ಮುಂದೆ ಒಂದು ದೊಡ್ಡ ಭೂಶಿರ. ಕಡಲೊಳಗೆ ಮೂಗು ಚಾಚಿ ನಿಂತಿರುವ ಇಂಥ ಜಾಗಗಳಲ್ಲಿ ಉಬ್ಬರದ ನೀರು ಇಕ್ಕಟ್ಟಾಗಿ ಜೋರಾಗಿ ಹರಿಯುತ್ತದೆ. ನೀರಿನ ಹರಿವು ಒಂದು ಕಡೆ, ಗಾಳಿ ಅದಕ್ಕೆ ಎದುರು ಆದರೆ ಅಲೆಗಳು ಉದ್ದಕ್ಕೆ ಮಲಗುವುದಿಲ್ಲ. ಒಂದಕ್ಕೊಂದು ಒತ್ತಿಕೊಂಡು ಗೋಡೆಯ ಹಾಗೆ ನೆಟ್ಟಗೆ ಏಳುತ್ತವೆ. ದಾಟುವುದಾದರೆ ನೀರು ದಿಕ್ಕು ಬದಲಿಸುವ ಮುನ್ನ ನಿಶ್ಚಲವಾಗುವ ಸ್ವಲ್ಪ ಹೊತ್ತಿನಲ್ಲಿ ದಾಟಬೇಕು. ಅಕ್ಕನ ಲೆಕ್ಕದ ಪ್ರಕಾರ ಆ ಹೊತ್ತು 9:20.

ಬಂದರಿನಿಂದ ಹೊರಬಿದ್ದ ಹತ್ತೇ ನಿಮಿಷಕ್ಕೆ ಎಂಜಿನ್ ಕೆಮ್ಮಿ ನಿಂತಿತು. ಮೀನು ಹಿಡಿಯಲು ತಳಕ್ಕೆ ಇಳಿಬಿಟ್ಟ ಬುಟ್ಟಿಯ ತೇಲುಬುಂಡೆಯ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡಿತ್ತು. ಆ ತೇಲುಬುಂಡೆ ಅಲೆಯಲ್ಲಿ ಅರ್ಧ ಮುಳುಗಿತ್ತು, ಮೂವರಲ್ಲಿ ಯಾರೂ ನೋಡಲಿಲ್ಲ. ಹಾಯಿ ಏರಿಸಿ ಮತ್ತೆ ಬಂದರಿನ ಮರೆಗೆ ಬಂದು ಲಂಗರು ಹಾಕಿದೆವು. ಭಾವ ಮುಖವಾಡ ಹಾಕಿಕೊಂಡು ನೀರಿಗಿಳಿದು ಚಾಕುವಿನಿಂದ ಕೊಯ್ದರು. ಪ್ರತಿ ಸಲ ಉಸಿರಿಗೆ ಮೇಲೆ ಬಂದಾಗ ಕೈಯಲ್ಲಿ ಒಂದು ತುಂಡು ಹಗ್ಗ. ಒಂದೂವರೆ ಗಂಟೆ ಹೋಯಿತು. ಯಾರದೋ ದುಡಿಮೆಯ ಹಗ್ಗ ಅದು, ಕೊಯ್ಯುವಾಗ ಬೇಜಾರಾಗುತ್ತದೆ. ಬುಟ್ಟಿಯ ಕಡೆಯ ತುದಿಯನ್ನು ಭಾವ ತೇಲುಬುಂಡೆಗೆ ಮತ್ತೆ ಕಟ್ಟಿ ಬಿಟ್ಟರು.

ಭೂಶಿರದ ಹತ್ತಿರ ಬಂದಾಗ 10:50. ನೀರು ಆಗಲೇ ಉತ್ತರಕ್ಕೆ, ನಾವು ಹೋಗುವ ಕಡೆಗೇ 3 ನಾಟ್ ವೇಗದಲ್ಲಿ ಹರಿಯುತ್ತಿತ್ತು. ಕೇಳಿದರೆ ಅನುಕೂಲ ಅನಿಸುತ್ತದೆ. ಆದರೆ ಗಾಳಿ ಉತ್ತರದಿಂದ, 18 ನಾಟ್. ಹಾಯಿದೋಣಿ ಗಾಳಿಗೆ ನೇರ ಎದುರು ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೋಗಬೇಕು. ಹಾಗೆ ಹೋಗುತ್ತಿರುವಾಗ ಮುಂದೆ ಬೆಳ್ಳಗೆ ಒಂದು ಪಟ್ಟಿ ಕಂಡಿತು. ಮರಳಿನ ದಿಬ್ಬವೇನೋ ಅಂದುಕೊಂಡೆ. ಅದು ಒಡೆಯುತ್ತಿದ್ದ ನೀರು.

ಮೊದಲ ಅಲೆಗೆ ಮೂತಿ ಮೇಲೆದ್ದು ಆಕಾಶ ಕಂಡಿತು. ಆಮೇಲೆ ಕೆಳಗೆ ಏನೂ ಇರಲಿಲ್ಲ. ದೋಣಿ ಬಿದ್ದ ಸದ್ದಿಗೆ ಹಲ್ಲು ಕಟಕಟಿಸಿತು. ಎರಡನೆಯದು ಮೂತಿಯ ಮೇಲಿಂದ ಹರಿದು ನಮ್ಮ ತೊಡೆಯವರೆಗೆ ಬಂತು. ಅಷ್ಟರಲ್ಲಿ ಅರ್ಥವಾಗಿದ್ದು, ನಾವು ಅದರೊಳಗೆ ಹೋಗುತ್ತಿಲ್ಲ, ನೀರು ನಮ್ಮನ್ನು ಒಳಗೆ ಎಳೆಯುತ್ತಿದೆ. ನಿರ್ಧಾರ ಮಾಡಲು ಹತ್ತು ನಿಮಿಷ ತೆಗೆದುಕೊಂಡರೆ ಅರ್ಧ ಮೈಲಿ ಒಳಗಿರುತ್ತೇವೆ.

ಅಕ್ಕ ನನ್ನ ಕಡೆ ನೋಡಲಿಲ್ಲ, ಭಾವನ ಕಡೆಯೂ ನೋಡಲಿಲ್ಲ. ಅಲೆಗಳನ್ನು ನೋಡುತ್ತಿದ್ದಳು. "ವಾಪಸ್" ಅಂದಳು.

ಎರಡು ದೊಡ್ಡ ಅಲೆಗಳ ನಡುವೆ ತುಸು ಸಮತಟ್ಟಾದ ಜಾಗ ಬರುವವರೆಗೆ ಕಾದು ತಿರುಗಿಸಿದಳು. ಗಾಳಿ ಈಗ ಬೆನ್ನಿಗೆ. ಈ ಸ್ಥಿತಿಯಲ್ಲಿ ಹಾಯಿಯ ಕೆಳಗಿನ ಅಡ್ಡಕೋಲು, ಬೂಮ್, ಒಂದು ತಪ್ಪು ತಿರುವಿಗೆ ಆ ಕಡೆಯಿಂದ ಈ ಕಡೆಗೆ ತಲೆ ಎತ್ತರದಲ್ಲಿ ಬೀಸಿ ಬರುತ್ತದೆ. ಭಾವ ಅದನ್ನು ಮುಂದಕ್ಕೆ ಹಗ್ಗದಿಂದ ಬಿಗಿದು ಕಟ್ಟಿದರು. ನೀರಿನಲ್ಲಿ ನಾವು ಆರೂವರೆ ನಾಟ್ ಓಡುತ್ತಿದ್ದೆವು. ನೆಲದ ಲೆಕ್ಕದಲ್ಲಿ ಮೂರೂವರೆ. ದಡದ ಅದೇ ಬಂಡೆ ಎಷ್ಟು ಹೊತ್ತಾದರೂ ಪಕ್ಕದಲ್ಲೇ ಇದ್ದ ಹಾಗಿತ್ತು.

ಮತ್ತೆ ಅದೇ ಬಂದರು, ಅದೇ ಜಾಗ. 16 ಮೈಲಿ ಹೋಗಿ ಬಂದು ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ. ನನಗೆ ಅಳು ಬರುವಷ್ಟು ನಿರಾಸೆಯಾಗಿತ್ತು. ಅಕ್ಕ ಒದ್ದೆ ಕೋಟು ಬಿಚ್ಚದೆ ಕೂತು ಉಬ್ಬರದ ಪಟ್ಟಿ ತೆಗೆದಳು. "ನಾಳೆ 10:10" ಅಂದಳು. ಉಬ್ಬರಗಳ ನಡುವೆ ಸುಮಾರು 12 ಗಂಟೆ 25 ನಿಮಿಷ ಅಂತರ, ಹಾಗಾಗಿ ದಿನಕ್ಕೆ ಐವತ್ತು ನಿಮಿಷದಷ್ಟು ತಡವಾಗುತ್ತಾ ಹೋಗುತ್ತದೆ. ವಾಪಸ್ ಬಂದ ಬಗ್ಗೆ ಅವಳು ಬೇರೆ ಮಾತೇ ಆಡಲಿಲ್ಲ. ಅವಳ ಮೇಲೆ ನನಗೆ ಅತಿ ಹೆಚ್ಚು ಗೌರವ ಬಂದದ್ದು ಆ ಹೊತ್ತಿನಲ್ಲಿ. ಮುಂದೆ ಹೋಗು ಅನ್ನಲು ನಾನೂ ಭಾವನೂ ಬಾಯಿ ತೆರೆದಿದ್ದೆವು.

ಆರನೇ ದಿನ

ಭೂಶಿರದ ಎದುರಿಗೆ ಹತ್ತು ಗಂಟೆಗೆ ಬಂದೆವು. ಪಶ್ಚಿಮದಿಂದ ತೆಳು ಗಾಳಿ. ನೀರು ನಿಂತಿತ್ತು. ನಿನ್ನೆ ಬಿಳಿ ಗೋಡೆ ಎದ್ದಿದ್ದ ಜಾಗದಲ್ಲಿ ಒಂದು ಹಕ್ಕಿ ರೆಕ್ಕೆ ಮಡಚಿ ತೇಲುತ್ತಾ ಕೂತಿತ್ತು. ನಲವತ್ತು ನಿಮಿಷದಲ್ಲಿ ದಾಟಿದೆವು. ಯಾರೂ ಮಾತಾಡಲಿಲ್ಲ.

ಮಧ್ಯಾಹ್ನ ಗಾಳಿ ಪೂರ್ತಿ ಸತ್ತಿತು. ಹಾಯಿಗಳು ಜೋತುಬಿದ್ದವು. ಎಂಜಿನ್ ಹಾಕಿ ಹೊರಟ ಅರ್ಧ ಗಂಟೆಗೆ ಬಿಸಿ ಏರಿದ ಎಚ್ಚರಿಕೆಯ ಗಂಟೆ ಹೊಡೆಯಿತು. ಭಾವ ಮೊದಲು ನೋಡಿದ್ದು ಎಂಜಿನ್ನನ್ನಲ್ಲ, ದೋಣಿಯ ಹಿಂಬದಿಯನ್ನು. ಹೊಗೆಯ ಜೊತೆ ನೀರು ಉಗುಳಬೇಕು. ಬರೀ ಹೊಗೆ ಬರುತ್ತಿತ್ತು. ಕಡಲ ನೀರು ಎಳೆದು ಎಂಜಿನ್ ತಂಪಾಗಿಡುವ ಪಂಪಿನೊಳಗೆ ರಬ್ಬರಿನ ಪುಟ್ಟ ಚಕ್ರ ಇರುತ್ತದೆ, ಇಂಪೆಲ್ಲರ್. ನೀರಿಲ್ಲದೆ ತಿರುಗಿದರೆ ಅದು ಬೇಗ ಹರಿದು ಹೋಗುತ್ತದೆ. ನೀರು ಬರುವ ಬಾಯಿಗೆ ಪ್ಲಾಸ್ಟಿಕ್ ಚೀಲವೊಂದು ಅಂಟಿಕೊಂಡಿತ್ತು.

ಎಂಜಿನ್ ಇಲ್ಲ, ಗಾಳಿ ಇಲ್ಲ. ಆದರೆ ನೀರು ಹರಿಯುತ್ತಲೇ ಇತ್ತು. ಗಂಟೆಗೆ ಒಂದು ಮೈಲಿಯ ವೇಗದಲ್ಲಿ, ಮುಕ್ಕಾಲು ಮೈಲಿ ಆಚೆಯ ಬಂಡೆಸಾಲಿನ ಕಡೆಗೆ. ಬಿಸಿಲು ಹೊಳೆಯುತ್ತಿತ್ತು, ಕಡಲು ಕನ್ನಡಿಯ ಹಾಗಿತ್ತು. ಚಿತ್ರ ತೆಗೆದು ತೋರಿಸಿದರೆ ಯಾರೂ ಇದನ್ನು ಅಪಾಯ ಅನ್ನಲಾರರು.

"ಆಳ ಎಷ್ಟು?" ಎಂದಳು ಅಕ್ಕ.

"14 ಮೀಟರ್. ಇಳಿತ ಶುರುವಾಗಿದೆ, ಇನ್ನು ಕಡಿಮೆಯಾಗುತ್ತೆ. 60 ಮೀಟರ್ ಪೂರ್ತಿ ಬಿಡ್ತೀನಿ" ಎಂದೆ. ಅವಳು ಹೂಂ ಅಂದಳು.

ಚೈನು ಗಡಗಡ ಇಳಿಯಿತು. ಕೊನೆಯ ಕೆಂಪು ಗುರುತು ಹೋಯಿತು. ದೋಣಿ ನಿಧಾನವಾಗಿ ತಿರುಗಿ ಹರಿವಿಗೆ ಮೂತಿ ಕೊಟ್ಟು ನಿಂತಿತು. ಅಂಗೈ ಇಟ್ಟೆ. ನಡುಕವಿಲ್ಲ. ಕೆಳಗೆ ಭಾವ ಮೊಣಕೈವರೆಗೆ ಎಣ್ಣೆಯಾಗಿ, ಹಳೆಯ ಚಕ್ರದ ಮುರಿದ ರೆಕ್ಕೆಗಳನ್ನು ಒಂದೊಂದಾಗಿ ಎಣಿಸಿ ತೆಗೆದು ಬಟ್ಟೆಯ ಮೇಲೆ ಜೋಡಿಸುತ್ತಿದ್ದರು. ಆರರಲ್ಲಿ ನಾಲ್ಕು ಸಿಕ್ಕವು. ಉಳಿದೆರಡು ಕೊಳವೆಯೊಳಗೆ ಸಿಕ್ಕಿಕೊಂಡಿದ್ದರೆ ಹೊಸದು ಹಾಕಿಯೂ ಪ್ರಯೋಜನವಿಲ್ಲ. ಅವನ್ನೂ ಹುಡುಕಿ ತೆಗೆಯಲು ಐವತ್ತು ನಿಮಿಷ ಹಿಡಿಯಿತು. ಎಂಜಿನ್ ಮತ್ತೆ ಶುರುವಾಗಿ ಹಿಂಬದಿಯಲ್ಲಿ ನೀರು ಚಿಮ್ಮಿದಾಗ ಅಕ್ಕ ಜೋರಾಗಿ ಚಪ್ಪಾಳೆ ತಟ್ಟಿದಳು.

ಆ ರಾತ್ರಿ ತಂಗಿದ ಕೊಲ್ಲಿಯಲ್ಲಿ, ಚಂದ್ರ ಏಳುವ ಮುನ್ನ, ಬಕೆಟ್ ಇಳಿಸಿದರೆ ನೀರು ಬೆಳಗಿತು. ಡೈನೋಫ್ಲ್ಯಾಜೆಲೇಟ್ ಎಂಬ ಕಣ್ಣಿಗೆ ಕಾಣದ ಜೀವಿಗಳು, ಅಲುಗಿದರೆ ಮಿನುಗುತ್ತವೆ. ಲಂಗರಿನ ಚೈನು ನೀರಿನೊಳಗೆ ಇಳಿದಷ್ಟೂ ದೂರ ನೀಲಿ ಬೆಳಕಿನ ಗೆರೆಯಾಗಿತ್ತು. ಮೂವರೂ ಹೊಟ್ಟೆಯ ಮೇಲೆ ಮಲಗಿ ಅದನ್ನೇ ನೋಡಿದೆವು.

ಏಳನೇ ದಿನ

ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ತಣಿಯುವುದಿಲ್ಲ, ಆದ್ದರಿಂದ ದಡದಿಂದ ಕಡಲಿಗೆ ಗಾಳಿ ಹರಿಯುತ್ತದೆ. ಆ ತಣ್ಣನೆಯ ಗಾಳಿಯಲ್ಲಿ ಮಣ್ಣು ಮತ್ತು ಎಲೆಯ ವಾಸನೆ ಇತ್ತು.

ಮುಂದೆ ದಿಗಂತದಲ್ಲಿ ಮೊದಲು ಬರೀ ಹೊಳಪು, ಮೋಡಕ್ಕೆ ಯಾರೋ ಟಾರ್ಚ್ ಬಿಟ್ಟ ಹಾಗೆ. ಆಮೇಲೆ ಒಂದು ಅಲೆಯ ಮೇಲೇರಿದಾಗ ಬೆಳಕಿನ ಚುಕ್ಕೆಯೇ ಕಂಡು ಮರೆಯಾಯಿತು. ಹತ್ತು ಸೆಕೆಂಡಿಗೆ ಎರಡು ಮಿಂಚು. ನಕ್ಷೆಯಲ್ಲಿ ನೋಡಿದರೆ ಅದೇ ದೀಪಸ್ತಂಭ, ದೀಪದ ಎತ್ತರ 36 ಮೀಟರ್. ನಮ್ಮ ಕಣ್ಣಿನ ಎತ್ತರ 2 ಮೀಟರ್. ಭೂಮಿ ಗುಂಡಗಿರುವುದರಿಂದ ಆ ದೀಪ ದಿಗಂತದ ಮೇಲೆ ತಲೆ ಎತ್ತುವುದು ಸುಮಾರು 15 ಮೈಲಿ ದೂರದಲ್ಲಿ. ಅಂದರೆ ನಾವೆಲ್ಲಿದ್ದೇವೆ ಎಂಬುದನ್ನು ಆ ಚುಕ್ಕೆಯೇ ಹೇಳಿಬಿಟ್ಟಿತು. ಜಿಪಿಎಸ್ ಪರದೆ ಪಕ್ಕದಲ್ಲೇ ಇತ್ತು, ಅದೂ ಇದನ್ನೇ ಹೇಳುತ್ತಿತ್ತು. ಆದರೂ ಬೆರಳು ಮಡಚಿ ಸೆಕೆಂಡು ಎಣಿಸಿ ಗುರುತಿಸಿದ ದೀಪ ಬೇರೆಯೇ. ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ ರೂಪಿಸಿದ ಗಾಜಿನ ಬಳೆಗಳಂಥ ಮಸೂರ 1823ರಲ್ಲಿ ಕೊರ್ಡುವಾನ್ ದೀಪಸ್ತಂಭದಲ್ಲಿ ಮೊದಲು ಬೆಳಗಿತು. ಅಂದಿನಿಂದ ಎಷ್ಟು ಜನ ಹೀಗೆ ಕತ್ತಲಲ್ಲಿ ಎಣಿಸಿರಬಹುದು!

ಹನ್ನೊಂದಕ್ಕೆ ಅಳಿವೆಯ ಹೊರಗೆ ಬಂದೆವು. ಒಳಗೆ ನಮ್ಮ ಬಂದರು, ಮನೆಗಳು, ಜೆಟ್ಟಿಯ ಮೇಲೆ ಓಡಾಡುವ ಜನ, ಎಲ್ಲ ಕಾಣುತ್ತಿತ್ತು. ಆದರೆ ಅಳಿವೆಯ ಬಾಯಲ್ಲಿ ಮರಳಿನ ದಿಬ್ಬ, ಅದರ ಮೇಲೆ ಇನ್ನೂ ಸಾಕಷ್ಟು ನೀರಿಲ್ಲ. ಸ್ನಾನ ಮಾಡಿ ಒಂದು ವಾರವಾಗಿತ್ತು. ಎರಡೂವರೆ ಗಂಟೆ ಹೊರಗೆ, ಆಳವಾದ ನೀರಿನಲ್ಲಿ, ಸಣ್ಣ ಹಾಯಿಯಲ್ಲಿ ಅತ್ತಿತ್ತ ತಿರುಗಿದೆವು. ಒಳಗೆ ಹೋಗೋಣ ಅಂತ ಈ ಸಲ ನಾನು ಕೇಳಲಿಲ್ಲ.

ಒಂದೂವರೆಗೆ ಉಬ್ಬರ ಏರುತ್ತಿರುವಾಗಲೇ ಮೂತಿ ತಿರುಗಿಸಿದೆವು. ಏರುವ ನೀರಿನಲ್ಲಿ ಹೋದರೆ, ಎಲ್ಲಾದರೂ ತಳ ತಾಗಿದರೂ ಸ್ವಲ್ಪ ಹೊತ್ತಿಗೆ ನೀರೇ ಎತ್ತಿ ಬಿಡುತ್ತದೆ. ನಾನು ಆಳ ಕೂಗಿ ಹೇಳುತ್ತಿದ್ದೆ. 4.1. 3.3. 2.9. 2.6. ದಿಬ್ಬದ ಮೇಲೆ 2.5. ಆಮೇಲೆ 3, 4, 5. ಭಾವ ಹಗ್ಗ ಹಿಡಿದು ಜೆಟ್ಟಿಗೆ ಹಾರಿದರು.

ಸಂಜೆ ಅಕ್ಕ ಹಳೆಯ ನಕ್ಷೆ ಸುರುಳಿ ಸುತ್ತಿಟ್ಟು ಮುಂದಿನ ಕರಾವಳಿಯ ನಕ್ಷೆ ಹರಡಿದಳು. ಪೆನ್ಸಿಲ್ ನನ್ನ ಕಡೆ ತಳ್ಳಿದಳು. ನಾನು ನಿಧಾನವಾಗಿ ಗೆರೆ ಎಳೆದೆ. ಮೊದಲ ಭೂಶಿರ ಬಂದಾಗ ಕೈ ತಾನಾಗಿ ಹೊರಕ್ಕೆ, ಕಡಲ ಕಡೆಗೆ ಹೋಯಿತು. ಅಕ್ಕ ಬಗ್ಗಿ ನೋಡಿದಳು.

"ಇನ್ನೂ ಅರ್ಧ ಮೈಲಿ ಆಚೆ ಹಾಕು" ಅಂದಳು.